ವೀಣೆ ಹಿಡಿದು ಕೂತ ಸೂಫಿ ಗುರು: ಇನಾಯತ್ ಖಾನ್ ಬಗ್ಗೆ ಗೊತ್ತಿದ್ದವರು ಹೇಳಿ

ಕಾಪುವಿನ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಅಜ್ಜನ ಟ್ರಂಕು ಖಾಲಿ ಮಾಡಿದೆವು. ಅಜ್ಜ ಮುಂಬಯಿಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರು. ಒಳಗೆ ಇದ್ದದ್ದು ಹಳೆ ರಶೀದಿ, ಪಂಚಾಂಗ, ಒಂದು ಉಣ್ಣೆಯ ಮಫ್ಲರ್. ತಳದಲ್ಲಿ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ. ಗಡ್ಡ ಬಿಟ್ಟ ಒಬ್ಬರು ಉದ್ದನೆಯ ನಿಲುವಂಗಿ ಹಾಕಿ, ವೀಣೆ ಹಿಡಿದು ಕೂತಿದ್ದಾರೆ. ಕೆಳಗೆ ಅಜ್ಜನ ಕೈಬರಹದಲ್ಲಿ ‘ಇನಾಯತ್ ಖಾನ್, ಬರೋಡಾ’ ಎಂದಿದೆ.

ಹುಡುಕಿದಾಗ ಅವರು ಸೂಫಿ ಧ್ಯಾನ ಕಲಿಸಿದ ದೊಡ್ಡ ಗುರು ಎಂದು ಗೊತ್ತಾಯಿತು. ದೊಡ್ಡ ವೀಣೆಗಾರರಾಗಿದ್ದರಂತೆ. ಆಮೇಲೆ ವೀಣೆಯನ್ನೇ ಬಿಟ್ಟರಂತೆ. ಆ ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿದೆ.

ಯಾಕೆ ಅಂದರೆ, ನಾನೂ ವೀಣೆ ಕಲಿತವಳು. ಉಡುಪಿಯಲ್ಲಿ ಹನ್ನೊಂದು ವರ್ಷ ಒಬ್ಬರೇ ಟೀಚರ ಹತ್ತಿರ ಕಲಿತೆ. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಅವತ್ತು ಗವಸಿನೊಳಗೆ ಹೋದ ವೀಣೆ ಇನ್ನೂ ಹೊರಗೆ ಬಂದಿಲ್ಲ. ಅದರ ಕಡೆ ನೋಡಲಿಕ್ಕೇ ಆಗುವುದಿಲ್ಲ. ಅಮ್ಮ ಧ್ಯಾನ ಮಾಡು ಎನ್ನುತ್ತಾರೆ. ಕಣ್ಣು ಮುಚ್ಚಿದರೆ ಎರಡೇ ನಿಮಿಷ, ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ.

ಇವರು ಯಾಕೆ ಬಿಟ್ಟರು? ಇವರು ಕಲಿಸಿದ ಧ್ಯಾನ ಎಂತದು? ನನ್ನಂಥವರು ಕಲಿಯಬಹುದಾ?

ತಂಬೂರಿ ಬರೆದದ್ದು:

ಟೀಚರ ವಿಷಯ ಓದಿ ಬೇಸರವಾಯಿತು. ಧ್ಯಾನದ ಬಗ್ಗೆ ನನಗೆ ಹೇಳಲಿಕ್ಕೆ ಬಾರದು, ಸಂಗೀತದ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಆ ವೀಣೆ ಬರೋಡಾದ ಮನೆಗೆ ಹೋದದ್ದೇ ನಮ್ಮ ಮೈಸೂರಿನ ದಾರಿಯಾಗಿ. ಇನಾಯತ್ ಖಾನರ ತಾಯಿಯ ತಂದೆ ಮೌಲಾ ಬಖ್ಶ್. ಉತ್ತರದ ಗಾಯಕರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಬಂದು ನಮ್ಮ ಕರ್ನಾಟಕ ಸಂಗೀತ ಕಲಿತರು, ಅರಮನೆಯಿಂದ ಮರ್ಯಾದೆ ಪಡೆದರು. ಅವರು ಮದುವೆಯಾದದ್ದು ಟಿಪ್ಪುವಿನ ವಂಶದ ಹೆಣ್ಣುಮಗಳನ್ನು ಎಂದು ಆ ಕುಟುಂಬದವರು ಹೇಳುತ್ತ ಬಂದಿದ್ದಾರೆ. ಮುಂದೆ ಬರೋಡಾದ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಗಾಯನಶಾಲೆ ತೆರೆದರು. ಹಾಡನ್ನು ಬರೆದಿಡುವ ಸ್ವರಲಿಪಿಯನ್ನೂ ಮಾಡಿದರು. ಆ ಶಾಲೆ ಇವತ್ತು ಬರೋಡಾ ವಿಶ್ವವಿದ್ಯಾಲಯದ ಸಂಗೀತ ವಿಭಾಗವಾಗಿ ನಡೆಯುತ್ತಿದೆ.

ಮೊಮ್ಮಗ ಇನಾಯತ್ ಹುಟ್ಟಿದ್ದು 1882ರ ಜುಲೈ 5. ಬೆಳೆದದ್ದು ಈ ಅಜ್ಜನ ಮನೆಯಲ್ಲೇ. ಹಿಂದೂಸ್ತಾನಿ ಗಾಯಕರ ಮನೆಯ ಹುಡುಗನ ಕೈಯಲ್ಲಿ ಸರಸ್ವತಿ ವೀಣೆ ಬಂದದ್ದು ಹೀಗೆ. ನಿಮ್ಮ ಅಜ್ಜ ಚಿತ್ರ ಕತ್ತರಿಸಿ ಇಟ್ಟದ್ದು ಮೊಮ್ಮಗಳಿಗೋಸ್ಕರ ಇರಬಹುದು, ಅಲ್ವಾ?

ಮಾರ್ಕೊನಿ ಸಾಬ್ ಬರೆದದ್ದು:

ತಂಗಿ, ನಾನು ಮಂಗಳೂರಿನ ಕಡಲ ಬದಿಯ ಬೆಂಗ್ರೆಯವನು. 1979ರಿಂದ ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದೆ. ನಮ್ಮ ಕೆಲಸದವರನ್ನು ಖಲಾಸಿಗಳು ‘ಮಾರ್ಕೊನಿ ಸಾಬ್’ ಎಂದು ಕರೆಯುತ್ತಿದ್ದರು. ಸ್ವಲ್ಪ ಉದ್ದ ಆಗುತ್ತದೆ, ನಿಧಾನಕ್ಕೆ ಓದಿ.

ಇನಾಯತ್ ಖಾನರ ಹೆಸರು ನನಗೆ ಮೊದಲು ಗೊತ್ತಾದದ್ದು ಅವರ ಮಗಳಿಂದ. ಕೋರ್ಸಿನಲ್ಲಿ ನಮಗೆ ಮೋರ್ಸ್, ಅಂದರೆ ಚುಕ್ಕೆ-ಗೆರೆಯ ಸಂಕೇತದಲ್ಲಿ ಸಂದೇಶ ಕಳಿಸುವುದನ್ನು, ಕಲಿಸಿದ ಹಿರಿಯರೊಬ್ಬರಿದ್ದರು. ಕೀ ಒತ್ತುವಾಗ ಯಾರಾದರೂ ಸೋಮಾರಿತನ ಮಾಡಿದರೆ ನೂರ್ ಇನಾಯತ್ ಖಾನ್ ಎಂಬ ಹುಡುಗಿಯ ಕತೆ ಹೇಳುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಯಲ್ಲಿದ್ದ ಪ್ಯಾರಿಸ್ಸಿಗೆ ಬ್ರಿಟನ್ನಿನವರು ಗುಟ್ಟಾಗಿ ಕಳಿಸಿದ ವೈರ್‌ಲೆಸ್ ಆಪರೇಟರ್ ಆಕೆ. ಆ ಕೆಲಸಕ್ಕೆ ಫ್ರಾನ್ಸಿಗೆ ಹೋದ ಮೊದಲ ಹೆಂಗಸು. 1943ರ ಜೂನ್‌ನಲ್ಲಿ ಹೋದಳು. ಕೆಲವೇ ದಿನಗಳಲ್ಲಿ ಜೊತೆಯವರೆಲ್ಲ ಸಿಕ್ಕಿಬಿದ್ದರು. ವಾಪಸ್ ಬಾ ಎಂದು ಲಂಡನ್ನಿನಿಂದ ಹೇಳಿದರೂ ಬರಲಿಲ್ಲ. ವೈರ್‌ಲೆಸ್ ಇಟ್ಟ, ಸುಮಾರು 15 ಕೆಜಿ ತೂಕದ ಸೂಟ್‌ಕೇಸು ಹೊತ್ತು, ಮನೆಯಿಂದ ಮನೆಗೆ ಹೋಗಿ, ಏರಿಯಲ್ ಕಟ್ಟಿ ಸಂದೇಶ ಕಳಿಸುತ್ತಿದ್ದಳು. ಆಕೆಯ ಕೈ ಭಾರ ಇತ್ತಂತೆ. ಚಳಿಗೆ ಬೆರಳು ಊದಿಕೊಳ್ಳುತ್ತಿತ್ತಂತೆ. ಕೈ ಅಂದರೆ ನಮ್ಮ ಭಾಷೆಯಲ್ಲಿ ಕೀ ಒತ್ತುವ ರೀತಿ. ಒಬ್ಬೊಬ್ಬ ಆಪರೇಟರಿನ ಕೈ ಒಂದೊಂದು ತರ. ವೀಣೆಯವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಬಾಗಿಲ ಹೊರಗೆ ನಿಂತು ಕೇಳಿದರೂ ಇದು ಟೀಚರದೇ ಮೀಟು ಎಂದು ನಿಮಗೆ ಗೊತ್ತಾಗುತ್ತಿತ್ತು, ಅಲ್ವಾ?

ಮುಂದೆ ನಮ್ಮ ಹಡಗು ಫ್ರಾನ್ಸಿನ ಲೆ ಹಾವ್ರ್ ಬಂದರಿನಲ್ಲಿ ಕೆಲವು ದಿನ ನಿಂತಿತು. ರಜೆ ಕೇಳಿ ರೈಲು ಹತ್ತಿದೆ. ಪ್ಯಾರಿಸ್ಸಿನ ಪಕ್ಕ ಸುರೇನ್ ಎಂಬ ಊರು. ಗುಡ್ಡದ ಮೇಲೆ ಒಂದು ಮನೆ, ಹೆಸರು ಫಜಲ್ ಮಂಜಿಲ್. ಇನಾಯತ್ ಖಾನರು 1922ರಿಂದ ಇದ್ದದ್ದು ಅಲ್ಲೇ. ಗೋಡೆಯ ಮೇಲೆ ಮಗಳ ಹೆಸರಿನ ಕಲ್ಲು. ಅದರಲ್ಲಿ ‘ರೇಡಿಯೋ ಆಪರೇಟರ್’ ಎಂದೂ ಕೊರೆದಿದ್ದಾರೆ. ನನಗೆ ಫ್ರೆಂಚ್ ಬಾರದು. ಆ ಎರಡು ಶಬ್ದ ಮಾತ್ರ ಓದಲಿಕ್ಕೆ ಆಯಿತು. ನನ್ನದೇ ಕೆಲಸದ ಹೆಸರು. ಬೀದಿಯಲ್ಲಿ ನಿಂತು ಕಣ್ಣೀರು ಬಂತು.

ಇನ್ನು ತಂದೆಯ ವಿಷಯ. ಇಪ್ಪತ್ತು ದಾಟುವಾಗಲೇ ಅವರು ಹೈದರಾಬಾದಿನ ನಿಜಾಮರ ಎದುರು ಹಾಡಿದ್ದರು. ಆದರೆ ಅಲ್ಲಿ ಅವರಿಗೆ ಸಿಕ್ಕಿದ ದೊಡ್ಡ ಸಂಪತ್ತು ಗುರು. ಸೈಯದ್ ಅಬು ಹಾಶಿಮ್ ಮದನಿ, ಚಿಶ್ತಿ ಎಂಬ ಸೂಫಿ ಪರಂಪರೆಯವರು. ಪಶ್ಚಿಮದ ದೇಶಗಳಿಗೆ ಹೋಗು, ನಿನ್ನ ಸಂಗೀತದಿಂದ ಎರಡೂ ಕಡೆಯವರನ್ನು ಒಂದು ಶ್ರುತಿಗೆ ತಾ ಎಂದು ಅವರು ಹರಸಿದರು. 1907ರಲ್ಲಿ ತೀರಿಕೊಂಡರು. ನೋಡಿ, ಇವರಿಗೂ ಗುರು ಹೋದದ್ದು ಚಿಕ್ಕ ಪ್ರಾಯದಲ್ಲೇ, ಇಪ್ಪತ್ತೈದರ ಹೊತ್ತಿಗೆ.

1910ರ ಸೆಪ್ಟೆಂಬರ್ 13ರಂದು ಒಬ್ಬ ತಮ್ಮ ಮತ್ತು ಸಂಬಂಧದಲ್ಲಿ ಸೋದರನಾಗುವ ಇನ್ನೊಬ್ಬರ ಜೊತೆ ಹಡಗು ಹತ್ತಿದರು. ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್, ರಷ್ಯಾ. ಮೊದಮೊದಲು ಹೊಟ್ಟೆಪಾಡಿಗೆ ಕಚೇರಿ. ಕೇಳುವವರಿಗೆ ರಾಗ ಅಂದರೆ ಎಂತ ಎಂದೇ ಗೊತ್ತಿಲ್ಲ. ಕುಣಿತದವರ ಹಿಂದೆ ಕೂತು ನುಡಿಸಿದ್ದೂ ಉಂಟು. ಜೊತೆಜೊತೆಗೆ ಭಾಷಣ, ಧ್ಯಾನ. ಅಮೆರಿಕದ ಓರಾ ರೇ ಬೇಕರ್ ಅವರನ್ನು 1913ರಲ್ಲಿ ಲಂಡನ್ನಿನಲ್ಲಿ ಮದುವೆಯಾದರು. 1914ರ ಜನವರಿ 1ರಂದು ಮಾಸ್ಕೋದಲ್ಲಿ ನೂರ್ ಹುಟ್ಟಿದಳು.

ನಿಧಾನಕ್ಕೆ ಕಚೇರಿ ನಿಂತೇ ಹೋಯಿತು. ಸಂಗೀತದಿಂದ ಪಡೆಯಬೇಕಾದ್ದನ್ನು ಪಡೆದಾಯಿತು, ದೇವರ ಕೆಲಸಕ್ಕೆ ನನಗೆ ಅತಿ ಪ್ರಿಯವಾದದ್ದನ್ನೇ ಕೊಡಬೇಕಾಯಿತು, ಇನ್ನು ವಾದ್ಯದ ಬದಲು ಮನುಷ್ಯರನ್ನು ಶ್ರುತಿ ಮಾಡುತ್ತೇನೆ ಎಂಬರ್ಥದ ಮಾತನ್ನು ಅವರೇ ಆಡಿದ್ದಾರೆ. ಬೇಸರದಿಂದ ಬಿಟ್ಟದ್ದಲ್ಲ ತಂಗಿ. ನೋವಿನಿಂದಲೂ ಅಲ್ಲ. ನಿಮ್ಮದು ಬೇರೆ. ನಿಮ್ಮದು ಕೊಟ್ಟದ್ದಲ್ಲ, ಮುಚ್ಚಿಟ್ಟದ್ದು. ಇಷ್ಟು ನೇರವಾಗಿ ಹೇಳಿದ್ದಕ್ಕೆ ಬೇಜಾರು ಮಾಡಬೇಡಿ.

ಧ್ಯಾನದ ಬಗ್ಗೆ ಕೇಳಿದಿರಿ. ಮೊದಲು ನನ್ನ ಗಡಿಯಾರದ ವಿಷಯ ಹೇಳಬೇಕು.

ಹಡಗಿನ ರೇಡಿಯೋ ರೂಮಿನಲ್ಲಿ ಒಂದು ಗಡಿಯಾರ ಇರುತ್ತಿತ್ತು. ಮುಖದ ಮೇಲೆ ಎರಡು ಕಡೆ ಕೆಂಪು ಬಣ್ಣದ ತುಂಡು, ಹೋಳಿಗೆ ಕತ್ತರಿಸಿದ ಹಾಗೆ. ಗಂಟೆಗೆ ಎರಡು ಸಲ, 15ರಿಂದ 18ನೇ ನಿಮಿಷ, 45ರಿಂದ 48ನೇ ನಿಮಿಷ. ಮುಳ್ಳು ಕೆಂಪಿಗೆ ಬಂದ ಕೂಡಲೇ 500 ಕಿಲೋಹರ್ಟ್ಸ್‌ನಲ್ಲಿ ಯಾರೂ ಕೀ ಮುಟ್ಟಬಾರದು. ಇಡೀ ಸಮುದ್ರದ ಮೇಲೆ ಎಲ್ಲ ಹಡಗುಗಳೂ ಬಾಯಿ ಮುಚ್ಚಬೇಕು. ಮೂರು ನಿಮಿಷ ಕೇಳುವುದೊಂದೇ ಕೆಲಸ. ಯಾಕೆ? ಎಲ್ಲೋ ದೂರದಲ್ಲಿ ಮುಳುಗುವ ಹಡಗಿನ ಬ್ಯಾಟರಿ ಸಾಯುತ್ತಿರಬಹುದು. ಅದರ ಸಣ್ಣ ಸ್ವರ ಉಳಿದವರ ಗದ್ದಲದಲ್ಲಿ ಹೂತುಹೋಗಬಾರದು.

ಹೆಡ್‌ಫೋನು ಕಿವಿಗೆ ಒತ್ತಿ ಕೂರುತ್ತಿದ್ದೆ. ಸಾಸಿವೆ ಸಿಡಿದ ಹಾಗೆ ಚಟಪಟ. ಅದರ ಹಿಂದೆ ಹಿಸ್ಸೆಂಬ ಶಬ್ದ. ಮೊದಲ ನಿಮಿಷ ಮನೆಯ ಯೋಚನೆ, ಸಂಬಳದ ಯೋಚನೆ ಬರುತ್ತಿತ್ತು. ಬರಲಿ. ಅದನ್ನು ಓಡಿಸಲಿಕ್ಕೆ ಹೋಗುತ್ತಿರಲಿಲ್ಲ, ಕಿವಿಯನ್ನು ಮಾತ್ರ ವಾಪಸ್ ಹಿಸ್ಸಿಗೆ ತರುತ್ತಿದ್ದೆ. ಎರಡನೇ ನಿಮಿಷಕ್ಕೆ ಹಿಸ್ಸಿನ ಒಳಗೂ ಪದರ ಕೇಳಿಸುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಎರಡೇ ಸಲ ನಿಜವಾದ ಕರೆ ಸಿಕ್ಕಿತು. ಉಳಿದ ದಿನವೆಲ್ಲ ಬರೀ ಕೇಳಿದ್ದು. ಅದು ವ್ಯರ್ಥ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ.

1999ರ ಫೆಬ್ರವರಿಯಲ್ಲಿ ಹಡಗಿನ ಮೋರ್ಸ್ ಅಧಿಕೃತವಾಗಿ ನಿಂತಿತು. ಎಲ್ಲ ಉಪಗ್ರಹಕ್ಕೆ ಹೋಯಿತು. ನಲವತ್ತೆರಡರಲ್ಲಿ ಮನೆಗೆ ಬಂದೆ. ಕೈಗೆ ಕೆಲಸ ಇಲ್ಲ, ಕಿವಿಗೂ ಇಲ್ಲ. ನನ್ನ ಕೀಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ನಾಲ್ಕು ವರ್ಷ ಅದರ ಕಡೆ ನೋಡಲಿಲ್ಲ. ನಿಮ್ಮ ಗವಸು ನನಗೆ ಅರ್ಥವಾಗುತ್ತದೆ.

ಮಗನ ಪರೀಕ್ಷೆಗೆಂದು ದಿಲ್ಲಿಗೆ ಹೋದಾಗ ನಿಜಾಮುದ್ದೀನ್ ಬಸ್ತಿ ಎಂಬ ಹಳೇ ಕೇರಿಗೆ ಹೋದೆ. ಇನಾಯತ್ ಖಾನರು ಹದಿನಾರು ವರ್ಷದ ನಂತರ 1926ರಲ್ಲಿ ದೇಶಕ್ಕೆ ಬಂದು, 1927ರ ಫೆಬ್ರವರಿ 5ರಂದು ದಿಲ್ಲಿಯಲ್ಲೇ ತೀರಿಕೊಂಡರು. 44 ವರ್ಷ ಅಷ್ಟೇ. ಅವರ ದರ್ಗಾ ಅಲ್ಲೇ ಉಂಟು. ಹೊರಗೆ ಗಲ್ಲಿಯಲ್ಲಿ ಕಬಾಬಿನ ಹೊಗೆ, ಗುಲಾಬಿ ಮಾರುವವರ ಕೂಗು. ಒಳಗೆ ಹೋದ ಕೂಡಲೇ ಸದ್ದು ಇಳಿಯಿತು. ಮುಳ್ಳು ಕೆಂಪಿಗೆ ಬಂದ ಹಾಗೆ. ಸುಮ್ನೆ ಕೂತೆ.

ಪಕ್ಕದಲ್ಲಿ ಹಾಲೆಂಡಿನ ಒಬ್ಬ ಮುದುಕಿ ಕೂತಿದ್ದರು. ಅವರು ಉಸಿರಿನ ಒಂದು ಅಭ್ಯಾಸ ತೋರಿಸಿದರು. ಅದು ಇನಾಯತ್ ಖಾನರು ಶಿಷ್ಯರಿಗೆ ಕೊಡುತ್ತಿದ್ದದ್ದು. ಬೆಳಿಗ್ಗೆ ಎದ್ದು ಕಿಟಕಿ ತೆರೆದು ನೆಟ್ಟಗೆ ನಿಲ್ಲಬೇಕು. ಮೊದಲು ಮಣ್ಣಿನ ಉಸಿರು: ಮೂಗಿನಿಂದ ತೆಗೆದು ಮೂಗಿನಿಂದಲೇ ಬಿಡುವುದು, ಐದು ಸಲ. ಆಮೇಲೆ ನೀರಿನದ್ದು: ಮೂಗಿನಿಂದ ಒಳಗೆ, ಬಾಯಿಯಿಂದ ಹೊರಗೆ. ಬೆಂಕಿಯದ್ದು ಅದರ ತಿರುಗುಮುರುಗು: ಬಾಯಿಯಿಂದ ಒಳಗೆ, ಮೂಗಿನಿಂದ ಹೊರಗೆ. ಕೊನೆಗೆ ಗಾಳಿಯದ್ದು, ಎರಡೂ ಬಾಯಿಯಿಂದಲೇ. ತುಟಿ ತುಸುವೇ ತೆರೆದಿರಬೇಕು, ಬಿಸಿ ಗಂಜಿಗೆ ಊದಿದ ಹಾಗೆ. ಒಟ್ಟು ಇಪ್ಪತ್ತು ಉಸಿರು. ತಲೆ ತಿರುಗಿದರೆ ನಿಲ್ಲಿಸಿ ಕೂತುಕೊಳ್ಳಿ, ಹಟ ಬೇಡ. ನಾನು ಅವತ್ತಿನಿಂದ ಬಿಟ್ಟಿಲ್ಲ.

ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. ತಂದೆ ಹೋದಾಗ ನೂರ್‌ಗೆ 13 ವರ್ಷ. ತಾಯಿ ದುಃಖದಲ್ಲಿ ಕೋಣೆ ಸೇರಿದರು. ಮೂರು ಚಿಕ್ಕವರನ್ನು ನೋಡಿಕೊಂಡವಳು ಈ ಹುಡುಗಿ. ಅವಳು ವೀಣೆ ನುಡಿಸುತ್ತಿರುವ ಫೋಟೊ ಉಂಟು, ಹುಡುಕಿ ನೋಡಿ. ತಂದೆ ಕೆಳಗಿಟ್ಟದ್ದನ್ನು ಮಗಳು ಎತ್ತಿಕೊಂಡಳು. 1943ರ ಅಕ್ಟೋಬರಿನಲ್ಲಿ ಜರ್ಮನರಿಗೆ ಸಿಕ್ಕಿಬಿದ್ದಳು. ತಿಂಗಳುಗಟ್ಟಲೆ ಸಂಕೋಲೆಯಲ್ಲಿ ಇಟ್ಟರು. ಡಾಖೌ ಶಿಬಿರದಲ್ಲಿ ಕೊಂದದ್ದು 1944ರ ಸೆಪ್ಟೆಂಬರ್ 13. ತಂದೆ ಹಡಗು ಹತ್ತಿದ್ದೂ ಸೆಪ್ಟೆಂಬರ್ 13. ಪ್ರತಿ ವರ್ಷ ಆ ದಿನ ನಾನು ಅಟ್ಟದಿಂದ ಇಳಿಸಿದ ಕೀಯನ್ನು ಒರೆಸಿ, ಅವಳ ಹೆಸರನ್ನು ಒಂದು ಸಲ ಮೋರ್ಸಿನಲ್ಲಿ ಒತ್ತುತ್ತೇನೆ. ತಂತಿ ಎಲ್ಲಿಗೂ ಜೋಡಿಸಿಲ್ಲ.

ಬಂದರ್ ಬೀದಿ ಬರೆದದ್ದು:

ಮಾರ್ಕೊನಿ ಅಣ್ಣಾ, ಓದಿ ಮುಗಿಸುವಾಗ ಚಾ ತಣ್ಣಗಾಗಿತ್ತು. ನಾನು ಮಂಗಳೂರು ಬಂದರಿನ ಬ್ಯಾರಿ ಮನೆಯವಳು. ಒಂದು ಮಾತು ಸೇರಿಸಬೇಕು ಅನಿಸಿತು.

ಸೂಫಿ ಅಂದ ಕೂಡಲೇ ಅದು ದಿಲ್ಲಿಯಲ್ಲೋ ಪ್ಯಾರಿಸ್ಸಿನಲ್ಲೋ ಇರುವುದು ಎಂದು ನಮ್ಮ ಊರಿನವರೇ ಭಾವಿಸುತ್ತಾರೆ. ಹಾಗಲ್ಲ. ಮಗ್‌ರಿಬ್, ಅಂದರೆ ಸಂಜೆಯ ನಮಾಜು, ಆದ ಮೇಲೆ ನಮ್ಮ ಉಮ್ಮ, ನಮ್ಮಲ್ಲಿ ಅಮ್ಮನಿಗೆ ಹಾಗೆನ್ನುವುದು, ಚಾಪೆಯ ಮೂಲೆಯಲ್ಲಿ ತಸ್ಬೀಹ್ ಎಂಬ ಜಪಮಾಲೆ ಹಿಡಿದು ದಿಕ್ರ್, ಅಂದರೆ ದೇವರ ನಾಮಸ್ಮರಣೆ, ಹೇಳುತ್ತಿದ್ದರು. ಸ್ವರ ಇರುತ್ತಿರಲಿಲ್ಲ, ತುಟಿ ಮಾತ್ರ. ನಾನು ಮಡಿಲಲ್ಲಿ ತಲೆಯಿಟ್ಟು ಮಲಗಿದರೆ ಅವರ ಹೊಟ್ಟೆ ಉಸಿರಿಗೆ ಏರಿ ಇಳಿಯುವುದು ಕೆನ್ನೆಗೆ ಗೊತ್ತಾಗುತ್ತಿತ್ತು. ರಾತೀಬು ಎಂಬ ಸಾಮೂಹಿಕ ಸ್ತುತಿಯ ರಾತ್ರಿ ಗಂಡಸರ ಸ್ವರ ಒಟ್ಟಾಗಿ ಎದ್ದರೆ ಹಂಚೇ ನಡುಗಿದ ಹಾಗೆ. ಉಳ್ಳಾಲ ಉರೂಸಿಗೆ ಎಲ್ಲ ಜಾತಿಯವರೂ ಹೋಗುವುದು ನಿಮಗೆಲ್ಲ ಗೊತ್ತೇ ಇದೆ.

ಇನಾಯತ್ ಖಾನರು ಮುಸ್ಲಿಮರಲ್ಲ, ಅವರದ್ದು ಬೇರೆಯೇ ಒಂದು ಹೊಸ ಪಂಥ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಅವರು ಚಿಶ್ತಿ ಪೀರರಿಂದ, ಅಂದರೆ ಸೂಫಿ ಗುರುಗಳಿಂದ, ದೀಕ್ಷೆ ಪಡೆದವರು. ಖಾದಿರಿ, ಸುಹ್ರವರ್ದಿ, ನಕ್ಷ್‌ಬಂದಿ ಎಂಬ ಬೇರೆ ಸೂಫಿ ದಾರಿಗಳೂ ಅವರಿಗೆ ಸಿಕ್ಕಿದ್ದವು. ಆದರೆ ಬಂದವರಿಗೆ ಧರ್ಮ ಬದಲಿಸು ಎಂದು ಹೇಳಲಿಲ್ಲ. 1921ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಾರ್ಥನೆ ಶುರು ಮಾಡಿದರು. ಒಂದೊಂದು ಧರ್ಮಕ್ಕೆ ಒಂದೊಂದು ಮೇಣದ ಬತ್ತಿ ಹಚ್ಚಿ, ಆಯಾ ಗ್ರಂಥದಿಂದ ಓದುವುದು. ನಮ್ಮಲ್ಲಿ ಎಲ್ಲರಿಗೂ ಅದು ಸರಿ ಅನಿಸಲಿಕ್ಕಿಲ್ಲ. ನಮ್ಮ ಮನೆಯ ಉಸ್ತಾದರೂ ಒಪ್ಪಲಿಕ್ಕಿಲ್ಲ. ಅವರ ಬಗ್ಗೆ ನನಗೆ ಗೌರವ ಉಂಟು, ಇನಾಯತ್ ಖಾನರ ಬಗ್ಗೆಯೂ ಉಂಟು.

ನನಗೆ ಅತಿ ಹೆಚ್ಚು ಮುಟ್ಟಿದ್ದು ಬೇರೆ. ಪಶ್ಚಿಮದಲ್ಲಿ ಅವರ ಮೊದಲ ಶಿಷ್ಯೆ ಒಬ್ಬ ಹೆಂಗಸು, ಸ್ಯಾನ್ ಫ್ರಾನ್ಸಿಸ್ಕೋದ ಯಹೂದಿ ಮನೆಯ ರಾಬಿಯಾ ಮಾರ್ಟಿನ್. 1911ರಲ್ಲಿ ದೀಕ್ಷೆ ಕೊಟ್ಟರು. ಮುಂದೆ ನಾಲ್ಕು ಹೆಂಗಸರಿಗೆ ಮುರ್ಶಿದಾ ಎಂಬ ಪದವಿ ಕೊಟ್ಟರು. ಅಂದರೆ ಗುರುವಿನ ಸ್ಥಾನ. ನೂರು ವರ್ಷದ ಹಿಂದೆ! ನಮ್ಮ ಉಮ್ಮಂದಿರು ಮೂಲೆಯಲ್ಲಿ ಕೂತು ಯಾರಿಗೂ ಕೇಳದ ಹಾಗೆ ಮಾಡಿದ ಕೆಲಸಕ್ಕೆ ಅವರು ಹೆಸರು ಕೊಟ್ಟರು ಅನಿಸುತ್ತದೆ ನನಗೆ.

ತಂಗಿ, ಉಸಿರಿನ ಅಭ್ಯಾಸ ಯಾರೂ ಮಾಡಬಹುದು. ದಿಕ್ರ್ ಮಾತ್ರ ಗುರುವಿನ ಒಪ್ಪಿಗೆ ಪಡೆದು ಕಲಿಯುವುದು ವಾಡಿಕೆ. ವಿಡಿಯೋ ನೋಡಿ ಶುರು ಮಾಡಬೇಡಿ. ಹನ್ನೊಂದು ವರ್ಷ ಟೀಚರ ಎದುರು ಕೂತವರಿಗೆ ಇದು ಯಾಕೆ ಎಂದು ಗೊತ್ತಿರುತ್ತದೆ.

ಕಾಪುವಿನ ಹುಡುಗಿ ಬರೆದದ್ದು:

ಎಲ್ಲರಿಗೂ ಮೊದಲೇ ಉತ್ತರಿಸಬೇಕಿತ್ತು. ಆಗಲಿಲ್ಲ. ‘ಕೊಟ್ಟದ್ದಲ್ಲ, ಮುಚ್ಚಿಟ್ಟದ್ದು’ ಎಂಬ ಸಾಲು ಓದಿ ಮೊಬೈಲ್ ಕೆಳಗಿಟ್ಟೆ. ಬೇಜಾರಾಗಲಿಲ್ಲ ಮಾಮ, ನಿಮ್ಮನ್ನು ಮಾಮ ಎಂದೇ ಕರೆಯುತ್ತೇನೆ. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಏನೂ ಹೇಳದೆ ಒಳಗೆ ಹೋಗಿ ಒಂದು ಒಣಬಟ್ಟೆ ತಂದು ಕೊಟ್ಟರು.

ಒಂದು ಪ್ರಶ್ನೆ. ಉಸಿರಾದ ಮೇಲೆ ಕೂತು ಏನು ಕೇಳಬೇಕು? ನನ್ನ ಹತ್ತಿರ ಆ ಹಿಸ್ಸ್ ಇಲ್ಲವಲ್ಲ.

ಮಾರ್ಕೊನಿ ಸಾಬ್ ಬರೆದದ್ದು:

ನಿಮಗೆ ಕಾಪುವಿನ ಕಡಲು ಉಂಟಲ್ಲ ಮಾರಾಯ್ತಿ! ಹಾಲೆಂಡಿನ ಕಟ್‌ವೈಕ್ ಎಂಬ ಕಡಲತೀರದಲ್ಲಿ 1922ರಲ್ಲಿ ಇನಾಯತ್ ಖಾನರು ಮರಳದಿಬ್ಬದ ನಡುವೆ ಧ್ಯಾನಕ್ಕೆ ಕೂತಿದ್ದರು. ಆ ಜಾಗಕ್ಕೆ ಮುರಾದ್ ಹಾಸಿಲ್ ಎಂದು ಹೆಸರಿಟ್ಟರು, ಹರಕೆ ಕೈಗೂಡಿದ ಜಾಗ ಎಂದು ಅರ್ಥ. ರಾಟರ್‌ಡ್ಯಾಮಿನಲ್ಲಿ ಹಡಗು ನಿಂತಾಗ ಒಮ್ಮೆ ಹೋಗಿದ್ದೆ. ಕುರುಚಲು ಹುಲ್ಲು, ಉಪ್ಪು ಗಾಳಿ, ದಿಬ್ಬದ ಆಚೆಯಿಂದ ತೆರೆಯ ಸದ್ದು. ಬೆಂಗ್ರೆಯಲ್ಲೇ ಕೂತ ಹಾಗೆ ಇತ್ತು.

ಕಡಲಿಗೆ ಹೋಗಲಿಕ್ಕೆ ಆಗದ ದಿನ ಶ್ರುತಿ ಪೆಟ್ಟಿಗೆ ಹಾಕಿ. ನುಡಿಸಬೇಡಿ, ಹಾಡಬೇಡಿ. ಮೂರೇ ನಿಮಿಷ ಷಡ್ಜ ಕೇಳಿ. ಮನಸ್ಸು ಹೋದರೆ ಹೋಗಲಿ, ಕಿವಿ ವಾಪಸ್ ತನ್ನಿ.

ಕಾಪುವಿನ ಹುಡುಗಿ ಬರೆದದ್ದು:

ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಇಪ್ಪತ್ತು ಉಸಿರು, ಆಮೇಲೆ ಮೂರು ನಿಮಿಷ ಶ್ರುತಿ. ಬೆಂಕಿಯ ಉಸಿರು ಇನ್ನೂ ಸರಿಯಾಗಿ ಬರುವುದಿಲ್ಲ, ತಪ್ಪಿ ಬಾಯಿಯಿಂದಲೇ ಬಿಡುತ್ತೇನೆ.

ನಿನ್ನೆ ಗವಸು ತೆಗೆದೆ. ಮಳೆಗಾಲದ ತೇವಕ್ಕೆ ಒಳಗೆಲ್ಲ ಬಿಳಿ ಬೂಸ್ಟು. ಅಮ್ಮ ಕೊಟ್ಟ ಬಟ್ಟೆಯಲ್ಲಿ ಒರೆಸಿದೆ. ಮೇಲಿನ ಎರಡು ಮೆಟ್ಟಿಲಿನ ಮೇಣ ಬಿರುಕು ಬಿಟ್ಟಿದೆ. ಮಂದ್ರದ ತಂತಿ ಬಿರಡೆ ತಿರುಗಿಸುವಾಗಲೇ ತುಂಡಾಯಿತು. ಸಾರಣಿ ಮಾತ್ರ ಶ್ರುತಿಗೆ ಬಂತು. ಅದನ್ನೊಂದೇ ಒಂದು ಸಲ ಮೀಟಿ, ಸದ್ದು ಪೂರ್ತಿ ಹೋಗುವವರೆಗೆ ಕೇಳಿದೆ.

ಶನಿವಾರ ಉಡುಪಿಗೆ ಹೋಗಿ ತಂತಿ ತರುತ್ತೇನೆ. ಅಜ್ಜನ ಚಿತ್ರಕ್ಕೆ ಚೌಕಟ್ಟು ಹಾಕಲಿಕ್ಕೂ ಕೊಡಬೇಕು.